ಸಕ್ಕರೆಯ ಲೆಕ್ಕದ ವಹಿ

ಲೆಕ್ಕ ಬರೆಯುವುದನ್ನು ನಾವು ಕಲಿತದ್ದು ಮಠದ ಉಗ್ರಾಣದಲ್ಲಿ. 1970ರ ದಶಕದ ಕೊನೆಯ ವರ್ಷಗಳು ಅವು. ಸಂಸ್ಕೃತ ಪಾಠ ಮುಗಿದ ಬಳಿಕ, ದಾಸೋಹಕ್ಕೆ ಬಂದ ಜೋಳ, ಗೋದಿ, ಬೆಲ್ಲಗಳ ಜಮಾಖರ್ಚನ್ನು ಕೆಂಪು ಬಟ್ಟೆಯ ರಟ್ಟಿನ ವಹಿಯಲ್ಲಿ ಏರಿಸುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಅದರ ಜೊತೆಗೆ ಇನ್ನೊಂದು ಸಣ್ಣ ವಹಿಯೂ ನಮ್ಮ ಕೈಯಲ್ಲಿತ್ತು. ಹಿರಿಯ ಗುರುಗಳಿಗೆ ಮಧುಮೇಹ. ಪ್ರತಿದಿನ ಬೆಳಿಗ್ಗೆ ಗಾಜಿನ ನಳಿಕೆಯಲ್ಲಿ 5 ಮಿಲಿಲೀಟರಿನಷ್ಟು ಬೆನೆಡಿಕ್ಟ್ ದ್ರಾವಣವನ್ನು ತೆಗೆದುಕೊಂಡು, ಅದಕ್ಕೆ ಎಂಟು ಹನಿ ಮೂತ್ರವನ್ನು ಬೆರೆಸಿ, ಸ್ಪಿರಿಟ್ ದೀಪದ ಮೇಲೆ ಕಾಯಿಸುವುದು ನಮ್ಮ ಸೇವೆಗಳಲ್ಲೊಂದು. ದ್ರಾವಣ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲವೆಂದು ಅರ್ಥ. ಹಸಿರು, ಹಳದಿ, ಕಿತ್ತಳೆ ಎಂದು ಏರುತ್ತ ಹೋಗಿ ಇಟ್ಟಿಗೆಯ ಕೆಂಪು ಬಂದರೆ ಸಕ್ಕರೆ ಬಹಳವಾಯಿತೆಂದು ತಿಳಿಯಬೇಕು. ಆ ಬಣ್ಣದ ಹೆಸರನ್ನು ತಾರೀಖಿನ ಮುಂದೆ ಬರೆದಿಡುತ್ತಿದ್ದೆವು.

ಜಾತ್ರೆಯ ಮರುದಿನ ನಳಿಕೆ ಕೆಂಪಾಯಿತು. ಹಿಂದಿನ ದಿನ ಭಕ್ತರ ಒತ್ತಾಯಕ್ಕೆ ಗುರುಗಳು ಗೋದಿ ಹುಗ್ಗಿಯನ್ನು ಸ್ವೀಕರಿಸಿದ್ದರು. ಗುರುಗಳ ಮೇಲಿನ ಮೋಹದಿಂದಲೋ, ಡಾಕ್ಟರು ಅವರನ್ನು ಆಕ್ಷೇಪಿಸಿಯಾರೆಂಬ ಅಳುಕಿನಿಂದಲೋ, ನಾವು ವಹಿಯಲ್ಲಿ 'ಹಳದಿ' ಎಂದು ಬರೆದೆವು. ಅವರು ಕಿಟಕಿಯ ಮೇಲಿಟ್ಟಿದ್ದ ನಳಿಕೆಯನ್ನೂ ವಹಿಯನ್ನೂ ನೋಡಿ, ಸಿಟ್ಟಾಗದೆ, "ತಮ್ಮಾ, ನಳಿಗ್ಯಾಗ ಕೆಂಪ ಐತಿ, ವಹ್ಯಾಗ ಹಳದಿ ಐತಿ. ಡಾಕ್ಟರ ಔಷಧ ಯಾವುದಕ್ಕ ಕೊಡಬೇಕು?" ಎಂದು ಕೇಳಿದರು.

ಈ ಪಾಠವನ್ನು ಕೇಳಿಸಿಕೊಂಡ ನಾವೇ ನಲವತ್ತು ವರ್ಷಗಳ ತರುವಾಯ ನಮ್ಮ ಸ್ವಂತ ವಹಿಯಲ್ಲಿ ಅದೇ ತಪ್ಪನ್ನು ಮಾಡಿದೆವೆಂದು ಒಪ್ಪಿಕೊಳ್ಳುವುದು ಸುಖದ ಸಂಗತಿಯಲ್ಲ. ಆದರೂ ಬರೆಯುತ್ತಿದ್ದೇವೆ. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಸಕ್ಕರೆಯ ಕಾಯಿಲೆಯವರು ಒಬ್ಬರಾದರೂ ಇರದ ಮನೆ ವಿರಳ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ನಮ್ಮ ದೇಶದಲ್ಲಿ 10 ಕೋಟಿಗೂ ಮಿಕ್ಕಿ ಮಧುಮೇಹಿಗಳಿರುವರೆಂದು ಅಂದಾಜು ಮಾಡಿತು. ಅವರಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ರಕ್ತ ಪರೀಕ್ಷಿಸುವ ಸಣ್ಣ ಯಂತ್ರವೊಂದು ಮೇಜಿನ ಖಾನೆಯಲ್ಲಿದೆ. ಯಂತ್ರ ಹೇಳುವ ಸಂಖ್ಯೆಗಳನ್ನು ಏನು ಮಾಡಬೇಕು, ಅವು ಎಲ್ಲಿಗೆ ಹೋಗುತ್ತವೆ, ಅವು ಯಾರವು ಎಂಬುದನ್ನು ಮಾತ್ರ ಯಂತ್ರ ಮಾರಿದವರು ಯಾರೂ ಹೇಳುವುದಿಲ್ಲ.

ನಮಗೆ ಮಧುಮೇಹ ಪತ್ತೆಯಾದದ್ದು 2009ರಲ್ಲಿ. ಮೊದಲು ಗುಳಿಗೆ, ಬಳಿಕ ರಾತ್ರಿಗೊಮ್ಮೆ ಇನ್ಸುಲಿನ್. ಮೂರು ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸಲೆಂದು ಒಂದು ನೋಟುಬುಕ್ಕನ್ನು ಇಟ್ಟಿದ್ದೆವು. ಊಟವಾದ ಎರಡು ತಾಸಿಗೆ ಯಂತ್ರ 262 ತೋರಿಸಿದರೆ ನಾವು 162 ಎಂದು ಬರೆದೆವು. ಒಂದು ಅಂಕೆಯನ್ನಷ್ಟೇ ಬದಲಿಸಿದ್ದು, ಹೆಚ್ಚೇನೂ ಅಲ್ಲವೆಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಬೆಳಗಿನ ಸಂಖ್ಯೆಗಳು ತಕ್ಕಮಟ್ಟಿಗೆ ಚೆನ್ನಾಗಿದ್ದುದರಿಂದ ಅವನ್ನು ಇದ್ದ ಹಾಗೆಯೇ ಬರೆಯುತ್ತಿದ್ದೆವು. ಹೀಗೆ ನೋಟುಬುಕ್ಕು ನೋಡಲಿಕ್ಕೆ ಬಲು ಅಂದವಾಯಿತು.

ಆದರೆ ಎಚ್‌ಬಿಎ1ಸಿ ಎಂಬ ಪರೀಕ್ಷೆಗೆ ನೋಟುಬುಕ್ಕಿನ ಹಂಗಿಲ್ಲ. ರಕ್ತದ ಕೆಂಪುಕಣಗಳಲ್ಲಿರುವ ಹಿಮೋಗ್ಲೋಬಿನ್ನಿಗೆ ಸಕ್ಕರೆ ಎಷ್ಟು ಅಂಟಿಕೊಂಡಿದೆಯೆಂದು ಅಳೆದು, ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಅದು ಹೇಳುತ್ತದೆ. ನಮ್ಮದು 8.4 ಬಂದಿತು. ಅದನ್ನು ನಿತ್ಯದ ಸಂಖ್ಯೆಗೆ ಪರಿವರ್ತಿಸಿದರೆ ಸರಾಸರಿ 194ರಷ್ಟಾಗುತ್ತದೆ. ನಮ್ಮ ನೋಟುಬುಕ್ಕಿನ ಸರಾಸರಿಯೋ 140ರ ಆಸುಪಾಸು. ಡಾಕ್ಟರು ನಮ್ಮ ಮಾತನ್ನು ನಂಬಿದರು. ಮಠದಲ್ಲಿ ಓದಿದ ಹಿರಿಯರು ಸುಳ್ಳು ಬರೆಯುವರೆಂದು ಅವರಿಗೆ ಹೇಗೆ ತೋಚೀತು? ಹಗಲು ಚೆನ್ನಾಗಿದೆ, ಬೆಳಿಗ್ಗೆಯೂ ಚೆನ್ನಾಗಿದೆ, ಹಾಗಾದರೆ ನಾವು ಪರೀಕ್ಷಿಸದಿರುವ ರಾತ್ರಿಯ ಹೊತ್ತಿನಲ್ಲಿಯೇ ಸಕ್ಕರೆ ಏರುತ್ತಿರಬೇಕು ಎಂದು ತರ್ಕಿಸಿ, ರಾತ್ರಿಯ ಇನ್ಸುಲಿನ್ನನ್ನು 14 ಯೂನಿಟ್ಟಿನಿಂದ 18ಕ್ಕೆ ಏರಿಸಿದರು. ಅವರ ತರ್ಕ ಸರಿಯಾಗಿಯೇ ಇತ್ತು, ತಪ್ಪಿದ್ದುದು ಅವರ ಮುಂದೆ ಇಟ್ಟ ವಹಿ.

ಹನ್ನೆರಡನೆಯ ದಿನದ ನಸುಕಿನಲ್ಲಿ ನಾವು ಹಿತ್ತಲಿನ ಬಾಗಿಲ ಬಳಿ ಬಿದ್ದೆವು. ಮೈಯೆಲ್ಲ ಬೆವರು, ಮಾತು ತೊದಲು. ನಮ್ಮ ಮನೆಯವರು ಗಾಬರಿಯಾದರೂ ಕೈಗೆಟಕಿದ ಸಕ್ಕರೆ ಡಬ್ಬಿಯಿಂದ ಮೂರು ಚಮಚೆ ನೀರಿನಲ್ಲಿ ಕದಡಿ ಕುಡಿಸಿದರು. ಅಷ್ಟು ಹೊತ್ತಿಗೆ ಪರೀಕ್ಷಿಸಿದಾಗ 48 ಇತ್ತು. ಮರುದಿನ ಡಾಕ್ಟರು ನೋಟುಬುಕ್ಕನ್ನು ಪಕ್ಕಕ್ಕಿಟ್ಟು, "ಯಂತ್ರ ತಂದೀರೇನ್ರಿ?" ಎಂದು ಕೇಳಿ, ಅದರ ಗುಂಡಿಯನ್ನು ಒತ್ತುತ್ತ ಹೋದರು. 262, 271, 248. ಯಂತ್ರಕ್ಕೆ ನೆನಪಿನ ಶಕ್ತಿಯಿರುವುದನ್ನು ನಾವು ಮರೆತೇಬಿಟ್ಟಿದ್ದೆವು. ಅವರು ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನಾವೊಬ್ಬರೇ ಹೀಗಲ್ಲವೆಂದು ಮುಂದೆ ಓದಿ ತಿಳಿದೆವು. 1984ರಲ್ಲಿ ಅಮೆರಿಕದ ರೋಜರ್ ಮೇಜ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಸಂಖ್ಯೆಗಳನ್ನು ಒಳಗೇ ಕಾದಿಡುವ ಯಂತ್ರಗಳನ್ನು, ಹಾಗೆ ಕಾದಿಡುವ ವಿಷಯವನ್ನು ಹೇಳದೆ, ರೋಗಿಗಳಿಗೆ ಕೊಟ್ಟು, ತರುವಾಯ ಅವರ ಕೈಬರಹದ ವಹಿಯೊಂದಿಗೆ ತಾಳೆ ನೋಡಿದರು. ಬಹಳಷ್ಟು ಮಂದಿಯ ವಹಿ ರಕ್ತಕ್ಕಿಂತ ಸಿಹಿ ಕಡಿಮೆಯಾಗಿಯೇ ಇತ್ತು! ಇದೇ ಮೇಜ್ ಅವರು 1987ರಲ್ಲಿ, ಹಲವು ದಿನಗಳ ಸಂಖ್ಯೆಗಳನ್ನು ಒಂದೇ ದಿನದ ಚಿತ್ರವಾಗಿ ಮಡಚಿ ತೋರಿಸುವ ನಕ್ಷೆಯನ್ನು ರೂಪಿಸಿದರು. ಇಂದು ಜಗತ್ತಿನಾದ್ಯಂತ ಮಧುಮೇಹದ ಡಾಕ್ಟರುಗಳ ಮೇಜಿನ ಮೇಲೆ ಬರುವ ಎ.ಜಿ.ಪಿ. ಎಂಬ ವರದಿ ಅದರಿಂದಲೇ ಬೆಳೆದದ್ದು. ಸುಳ್ಳಿನ ವಹಿಯನ್ನು ಕಂಡವರೇ ನಿಜದ ವಹಿಯನ್ನು ಬರೆಯುವ ಬಗೆಯನ್ನು ಹುಡುಕಿದರೆನ್ನಬೇಕು.

ರೋಗಿ ತನ್ನ ರಕ್ತವನ್ನು ತಾನೇ ಅಳೆಯುವುದು ವೈದ್ಯಲೋಕಕ್ಕೆ ಮೊದಲಿನಿಂದಲೂ ಒಪ್ಪಿಗೆಯಾದ ಸಂಗತಿಯೇನಲ್ಲ. 1970ರಲ್ಲಿ ಪೇಟೆಗೆ ಬಂದ ಮೊದಲ ಯಂತ್ರವು ಒಂದು ಕಿಲೋಗ್ರಾಮಿಗೂ ಮಿಕ್ಕಿ ತೂಗುತ್ತಿತ್ತು. ಅದು ಆಸ್ಪತ್ರೆಗಳಿಗಾಗಿ, ವೈದ್ಯರಿಗಾಗಿ ಮಾಡಿದ್ದು. ರಿಚರ್ಡ್ ಬರ್ನ್‌ಸ್ಟೀನ್ ಎಂಬ ಅಮೆರಿಕದ ಇಂಜಿನಿಯರರು ಹನ್ನೆರಡನೆಯ ವಯಸ್ಸಿನಿಂದ ಮಧುಮೇಹಿಗಳು. ಅವರ ಪತ್ನಿ ವೈದ್ಯರಾಗಿದ್ದುದರಿಂದ ಪತ್ನಿಯ ಹೆಸರಿನಲ್ಲಿ ಆ ಯಂತ್ರವನ್ನು ತರಿಸಿಕೊಂಡು, ದಿನಕ್ಕೆ ಹಲವು ಸಲ ತಮ್ಮ ರಕ್ತವನ್ನು ಪರೀಕ್ಷಿಸಿ, ಊಟಕ್ಕೂ ಇನ್ಸುಲಿನ್ನಿಗೂ ಹೊಂದಿಕೆ ಮಾಡಿಕೊಂಡರು. ತಾವು ಕಂಡದ್ದನ್ನು ಬರೆದರೆ ವೈದ್ಯರಲ್ಲದವರ ಮಾತೆಂದು ವೈದ್ಯಪತ್ರಿಕೆಗಳು ಅಚ್ಚು ಹಾಕಲೊಲ್ಲವು. ಕೊನೆಗೆ ತಮ್ಮ ನಲವತ್ತೈದನೆಯ ವಯಸ್ಸಿನಲ್ಲಿ ವೈದ್ಯಕೀಯ ಕಾಲೇಜು ಸೇರಿ ಡಾಕ್ಟರಾದರು. 2025ರಲ್ಲಿ, ತೊಂಬತ್ತು ದಾಟಿದ ಮೇಲೆ ತೀರಿಕೊಂಡರು. ಅವರ ಊಟದ ಪಥ್ಯವನ್ನು ಎಲ್ಲ ವೈದ್ಯರೂ ಒಪ್ಪುವುದಿಲ್ಲ. ಆದರೆ ನಮ್ಮ ಮೇಜಿನ ಖಾನೆಯಲ್ಲಿರುವ ಯಂತ್ರ ಅವರಂಥವರ ಹಟದ ಫಲವೆಂಬುದು ನಿಸ್ಸಂಶಯ.

ಚರ್ಮದ ಕೆಳಗೆ ಕುಳಿತು ಸದಾ ಅಳೆಯುವ ಸೆನ್ಸರಿನ ಚರಿತ್ರೆಯಲ್ಲೂ ಇದೇ ಮಾತು. ಅಮೆರಿಕದಲ್ಲಿ 1999ರಲ್ಲಿ ಅನುಮತಿ ಪಡೆದ ಮೊದಲ ಯಂತ್ರವು ಮೂರು ದಿನ ರೋಗಿಯ ಮೈಮೇಲಿದ್ದು ಅಳೆಯುತ್ತಿತ್ತು. ಸಂಖ್ಯೆ ಮಾತ್ರ ರೋಗಿಗೆ ಕಾಣುತ್ತಿರಲಿಲ್ಲ. ಯಂತ್ರವನ್ನು ಮರಳಿಸಿದ ಮೇಲೆ ವೈದ್ಯರು ಅದನ್ನು ತೆರೆದು ನೋಡಬೇಕು. ಅಂದರೆ, ಮೈ ನಮ್ಮದು, ರಕ್ತ ನಮ್ಮದು, ಕಣ್ಣು ಮಾತ್ರ ಬೇರೆಯವರದು. ಇಂದಿಗೂ ವೈದ್ಯರಿಗಷ್ಟೇ ಕಾಣುವ ಅಂಥ ಸೆನ್ಸರುಗಳಿವೆ. ರೋಗಿಯು ನೋಡಿ ನೋಡಿ ತನ್ನ ನಡವಳಿಕೆಯನ್ನು ಬದಲಿಸದೆ ಇದ್ದಾಗ ನಿಜಸ್ಥಿತಿ ತಿಳಿಯುತ್ತದೆಂಬ ವಾದವೂ ಅದರ ಹಿಂದಿದೆ. ನಮ್ಮಂಥವರ ಚರಿತ್ರೆಯನ್ನು ಬಲ್ಲವರು ಆ ವಾದವನ್ನು ಸುಲಭವಾಗಿ ತಳ್ಳಿಹಾಕಲಾರರು.

ಬಿದ್ದ ಪ್ರಸಂಗದ ಬಳಿಕ ನಮ್ಮ ತೋಳಿನ ಹಿಂಬದಿಗೂ ಒಂದು ಸೆನ್ಸರು ಬಂದಿತು. ದೊಡ್ಡ ನಾಣ್ಯದಷ್ಟು ಬಿಳಿಯ ಬಿಲ್ಲೆ. ಅದರಿಂದ ಅರ್ಧ ಸೆಂಟಿಮೀಟರಿನಷ್ಟು ತೆಳ್ಳನೆಯ ಎಳೆಯೊಂದು ಚರ್ಮದ ಕೆಳಗೆ ಇಳಿದಿರುತ್ತದೆ. ಹದಿನೈದು ನಿಮಿಷಕ್ಕೊಂದರಂತೆ ಸಂಖ್ಯೆಯನ್ನು ಕಾದಿಡುತ್ತದೆ. ದಿನಕ್ಕೆ 96, ಹದಿನಾಲ್ಕು ದಿನಕ್ಕೆ 1344. ನಮ್ಮ ನೋಟುಬುಕ್ಕಿನಲ್ಲಿ ವರ್ಷಕ್ಕೂ ಅಷ್ಟು ಸಂಖ್ಯೆಗಳಿರಲಿಲ್ಲ. ನಮಗೆ ಹಾಕಿದ ಬಗೆಯದರಲ್ಲಿ ಒಂದು ಕಟ್ಟಳೆಯಿತ್ತು. ಬಿಲ್ಲೆಯ ಹೊಟ್ಟೆಯಲ್ಲಿ ಎಂಟು ತಾಸಿನ ಲೆಕ್ಕವಷ್ಟೇ ಹಿಡಿಯುತ್ತದೆ; ಅಷ್ಟರೊಳಗೆ ಫೋನನ್ನು ತೋಳಿನ ಹತ್ತಿರ ಹಿಡಿದು ಲೆಕ್ಕವನ್ನು ಇಳಿಸಿಕೊಳ್ಳದಿದ್ದರೆ ಹಳೆಯದು ಅಳಿಸಿಹೋಗುತ್ತದೆ. ಹತ್ತಕ್ಕೆ ಮಲಗಿ ಏಳಕ್ಕೆ ಎದ್ದರೆ ರಾತ್ರಿಯ ಮೊದಲ ತಾಸು ಹೋಯಿತು! ಹೀಗಾಗಿ ಮಲಗುವ ಮುನ್ನ ಒಮ್ಮೆ, ನಸುಕಿನಲ್ಲಿ ಎದ್ದ ಕೂಡಲೆ ಒಮ್ಮೆ ಫೋನು ಹಿಡಿಯುವುದನ್ನು ರೂಢಿ ಮಾಡಿಕೊಂಡೆವು. ಈಚಿನ ಕೆಲವು ಸೆನ್ಸರುಗಳು ತಾವಾಗಿಯೇ ನಿಮಿಷ ನಿಮಿಷಕ್ಕೆ ಫೋನಿಗೆ ಕಳಿಸುತ್ತವೆ. ಅವನ್ನು ಬಳಸುವವರಿಗೆ ಈ ತೊಡಕಿಲ್ಲ, ಬೆಲೆಯ ತೊಡಕು ಇದ್ದೇ ಇದೆ.

ಹದಿನಾಲ್ಕು ದಿನವಾದ ಮೇಲೆ ಮುದ್ರಿಸಿದ ವರದಿಯ ಒಂದು ಹಾಳೆ ಕೈಗೆ ಬಂದಿತು. ಅದರಲ್ಲಿ ಒಂದು ದಿನದ ಇಪ್ಪತ್ನಾಲ್ಕು ತಾಸುಗಳು ಎಡದಿಂದ ಬಲಕ್ಕೆ. ನಡುವೆ ಒಂದು ದಪ್ಪ ಗೆರೆ, ಅದು ಹದಿನಾಲ್ಕೂ ದಿನಗಳ ಮಧ್ಯದ ಮೌಲ್ಯ. ಅದರ ಎರಡೂ ಕಡೆಗೆ ನೆರಳಿನಂತೆ ಹರಡಿದ ಪಟ್ಟಿ. ಪಟ್ಟಿ ಕಿರಿದಾಗಿದ್ದರೆ ಆ ಹೊತ್ತಿನಲ್ಲಿ ಪ್ರತಿದಿನವೂ ಸಕ್ಕರೆ ಹೆಚ್ಚುಕಡಿಮೆ ಒಂದೇ ತೆರನಾಗಿದೆಯೆಂದೂ, ಅಗಲವಾಗಿದ್ದರೆ ಒಂದೊಂದು ದಿನ ಒಂದೊಂದು ಬಗೆಯೆಂದೂ ತಿಳಿಯಬೇಕು. ನಮ್ಮ ಪಟ್ಟಿ ಸಂಜೆ ನಾಲ್ಕರಿಂದ ಎಂಟರವರೆಗೆ ಕೆರೆಯಂತೆ ಅಗಲವಾಗಿತ್ತು. ಚುರುಮುರಿ, ಮಿರ್ಚಿ, ಎರಡು ಚಮಚೆ ಸಕ್ಕರೆಯ ಚಹಾ ದೊರೆತ ದಿನ ಒಂದು, ದೊರೆಯದ ದಿನ ಒಂದು. ರಾತ್ರಿ ಎರಡರಿಂದ ನಾಲ್ಕರ ನಡುವೆ ಗೆರೆ ಕೆಳಗೆ ಜಾರಿ 70ರ ಗಡಿಯನ್ನು ದಾಟಿತ್ತು. ಬೆಳಗಿನ ತಲೆನೋವು, ಒದ್ದೆಯಾದ ದಿಂಬು, ಕೆಟ್ಟ ಕನಸುಗಳನ್ನು ನಾವು ಬೇಸಗೆಯ ಲೆಕ್ಕಕ್ಕೆ ಹಾಕಿದ್ದೆವು. ಅವು ಆ ಇಳಿಜಾರಿನ ಲೆಕ್ಕಕ್ಕೆ ಸೇರಿದವು.

ವರದಿಯ ಬದಿಯಲ್ಲಿ ಬಣ್ಣದ ಒಂದು ಕಂಬವಿತ್ತು. ರಕ್ತದ ಸಕ್ಕರೆ 70ರಿಂದ 180ರ ನಡುವೆ ದಿನದ ಎಷ್ಟು ಪಾಲು ಇತ್ತೆಂಬುದನ್ನು ಅದು ತೋರಿಸುತ್ತದೆ. 2019ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಈ ವಿಷಯದಲ್ಲಿ ಒಂದು ಒಮ್ಮತಕ್ಕೆ ಬಂದರು. ಸಾಮಾನ್ಯ ಮಧುಮೇಹಿಗೆ ಈ ನಡುಪಾಲು ಶೇ. 70ಕ್ಕಿಂತ ಹೆಚ್ಚಿರಬೇಕು, 70ಕ್ಕಿಂತ ಕೆಳಗೆ ಶೇ. 4ಕ್ಕಿಂತ ಕಡಿಮೆಯಿರಬೇಕು. ವಯಸ್ಸಾದವರಿಗೆ, ಬಿದ್ದು ಅಪಾಯಕ್ಕೀಡಾಗುವಂಥವರಿಗೆ ಲೆಕ್ಕ ಬೇರೆ. ನಡುಪಾಲು ಶೇ. 50 ದಾಟಿದರೂ ಸಾಕು, ಆದರೆ ಕೆಳಪಾಲು ಶೇ. 1ನ್ನು ಮೀರಕೂಡದು. ನಮ್ಮ ಕಂಬದಲ್ಲಿ ನಡುಪಾಲು 46, ಮೇಲಿನದು 47, ಕೆಳಗಿನದು 7. ಏಳು ಸಣ್ಣ ಸಂಖ್ಯೆಯಂತೆ ಕಾಣುತ್ತದೆ. ದಿನದ ಶೇ. 7 ಎಂದರೆ ಒಂದು ತಾಸು ನಲವತ್ತು ನಿಮಿಷ. ಅಷ್ಟು ಹೊತ್ತು ಪ್ರತಿದಿನವೂ ನಾವು ಬೀಳುವ ಅಂಚಿನಲ್ಲಿದ್ದೆವು, ನಿದ್ದೆಯಲ್ಲಿ.

ಡಾಕ್ಟರು ರಾತ್ರಿಯ ಇನ್ಸುಲಿನ್ನನ್ನು ಇಳಿಸಿ, ಹಗಲಿನ ಗುಳಿಗೆಯನ್ನು ಬದಲಿಸಿದರು. ಮುಂದಿನ ಸೆನ್ಸರಿನ ವೇಳೆಗೆ ಕೆಳಪಾಲು 1ಕ್ಕೆ ಇಳಿದು ನಡುಪಾಲು 61 ಆಯಿತು. ಇದನ್ನು ಓದಿ ಯಾರೂ ತಮ್ಮ ಔಷಧವನ್ನು ತಾವೇ ಏರಿಸಿ ಇಳಿಸುವ ಸಾಹಸಕ್ಕೆ ಕೈಹಾಕಬಾರದು. ವರದಿಯನ್ನು ಓದುವುದು ನಮಗೂ ಸಾಧ್ಯ. ಅದರ ಮೇಲೆ ಔಷಧ ಬರೆಯುವುದು ವೈದ್ಯರ ಕೆಲಸ.

ಸಂಖ್ಯೆಯನ್ನು ಕಂಡ ಕೂಡಲೆ ಅದನ್ನು ಶಾಸನವೆಂದು ಭಾವಿಸುವುದೂ ಸಲ್ಲದು. ಬೆರಳಿನ ರಕ್ತ ಪರೀಕ್ಷಿಸುವ ಯಂತ್ರಗಳಿಗೆ 2013ರ ಅಂತರರಾಷ್ಟ್ರೀಯ ಮಾನಕವು 100 ಮತ್ತು ಅದಕ್ಕಿಂತ ಮೇಲಿನ ಸಂಖ್ಯೆಗಳಲ್ಲಿ ಶೇ. 15ರಷ್ಟು ಹೆಚ್ಚುಕಡಿಮೆಯನ್ನು ಒಪ್ಪುತ್ತದೆ. ಪ್ರಯೋಗಾಲಯದ 180 ನಿಮ್ಮ ಯಂತ್ರದಲ್ಲಿ 153 ಎಂದೋ 207 ಎಂದೋ ಬಂದರೂ ಯಂತ್ರ ಕೆಟ್ಟಿಲ್ಲ. ತೋಳಿನ ಸೆನ್ಸರು ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ಆದಕಾರಣ ಸಕ್ಕರೆ ಬೇಗ ಏರುವಾಗ, ಇಳಿಯುವಾಗ ಅದು ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಉಳಿಯುತ್ತದೆ. ಆ ತೋಳಿನ ಮೇಲೆಯೇ ಮಗ್ಗುಲಾಗಿ ಮಲಗಿದರೆ ಒತ್ತಡಕ್ಕೆ ಸುಳ್ಳು ಇಳಿತ ತೋರುವುದೂ ಉಂಟು. ಹೆಚ್ಚಿನ ಪ್ರಮಾಣದ ವಿಟಮಿನ್ ಸಿ ಗುಳಿಗೆ ಕೆಲವು ಸೆನ್ಸರುಗಳನ್ನು ದಾರಿ ತಪ್ಪಿಸುತ್ತದೆ. ಮೈ ಒಂದು ಹೇಳಿ ಸೆನ್ಸರು ಇನ್ನೊಂದು ಹೇಳಿದರೆ ಬೆರಳು ಚುಚ್ಚಿ ನೋಡುವುದೇ ಲೇಸು.

ಅಳತೆಯ ಮಾನದ ಗೊಂದಲವೂ ಇದೆ. ನಮ್ಮ ಬೀಗರೊಬ್ಬರಿಗೆ ಇಂಗ್ಲೆಂಡಿನಲ್ಲಿರುವ ಮಗ ಯಂತ್ರವೊಂದನ್ನು ತಂದುಕೊಟ್ಟಿದ್ದ. ಊಟವಾದ ಮೇಲೆ ಅದು 11 ತೋರಿಸಿತು. ಸಕ್ಕರೆ ಹನ್ನೊಂದಕ್ಕೆ ಇಳಿಯಿತೆಂದು ಮನೆಯವರೆಲ್ಲ ಬೆಲ್ಲದ ಪಾನಕ ಕುಡಿಸಲು ಓಡಿದರು! ಅಲ್ಲಿಯ ಮಾನ ಬೇರೆ. ಅದನ್ನು 18ರಿಂದ ಗುಣಿಸಿದರೆ ನಮ್ಮ ಲೆಕ್ಕಕ್ಕೆ ಬರುತ್ತದೆ. ಅವರ ಹನ್ನೊಂದು ನಮ್ಮ 198. ಪಾನಕ ಕುಡಿದ ಮೇಲೆ ಎಷ್ಟಾಯಿತೆಂದು ಅವರು ಇಂದಿಗೂ ಹೇಳಿಲ್ಲ.

ಯಂತ್ರದೊಳಗಿನ ಸಂಖ್ಯೆಯನ್ನು ಹೊರಗೆ ತರಲು ಮನೆಯವರೇ ಹೋರಾಡಿದ ಒಂದು ಕಥೆ ಅಮೆರಿಕದಲ್ಲಿ ನಡೆಯಿತು. ನ್ಯೂಯಾರ್ಕ್ ರಾಜ್ಯದ ಜಾನ್ ಕಾಸ್ಟಿಕ್ ಎಂಬುವರ ನಾಲ್ಕು ವರ್ಷದ ಮಗನಿಗೆ 2012ರಲ್ಲಿ ಮೊದಲ ವಿಧದ ಮಧುಮೇಹ ಬಂದಿತು. ಮಗುವಿನ ಮೈಮೇಲಿನ ಸೆನ್ಸರು ಐದು ನಿಮಿಷಕ್ಕೊಮ್ಮೆ ಅಳೆಯುತ್ತಿತ್ತು. ಆದರೆ ಸಂಖ್ಯೆ ಕಾಣುತ್ತಿದ್ದುದು ಮಗುವಿನ ಹತ್ತಿರದ ಪುಟ್ಟ ಪೆಟ್ಟಿಗೆಯಲ್ಲಿ ಮಾತ್ರ. ಮಗು ಶಾಲೆಗೆ ಹೋದರೆ ತಂದೆಗೆ ಏನೂ ತಿಳಿಯದು. ಕಂಪ್ಯೂಟರ್ ಬಲ್ಲ ಆ ತಂದೆ 2013ರಲ್ಲಿ ಪೆಟ್ಟಿಗೆಯಿಂದ ಸಂಖ್ಯೆಯನ್ನು ಹೊರಸೆಳೆದು ಇಂಟರ್‌ನೆಟ್ಟಿಗೆ ಕಳಿಸುವ ಬಗೆಯನ್ನು ತಾವೇ ಬರೆದರು. ಅಂಥದೇ ಸಂಕಟದಲ್ಲಿದ್ದ ಬೇರೆ ತಂದೆತಾಯಿಗಳು ಕೈಗೂಡಿಸಿದರು. ನೈಟ್‌ಸ್ಕೌಟ್ ಎಂಬ ಉಚಿತ ವ್ಯವಸ್ಥೆ ಹುಟ್ಟಿದ್ದು ಹಾಗೆ. ಆ ವರ್ಷದ ನವೆಂಬರಿನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಸೇರಿದ ಇಂಥವರ ಸಭೆಯಿಂದ 'ನಾವಿನ್ನು ಕಾಯುವುದಿಲ್ಲ' ಎಂಬ ಘೋಷಣೆ ಹೊರಟಿತು. ಸಿಯಾಟಲ್ಲಿನ ಡಾನಾ ಲೂಯಿಸ್ ಎಂಬ ಯುವತಿಗೆ ಬೇರೊಂದು ಭಯವಿತ್ತು. ಒಂಟಿಯಾಗಿ ಮಲಗುವ ಆಕೆಗೆ ಸೆನ್ಸರಿನ ಎಚ್ಚರಿಕೆಯ ಸದ್ದು ಎಚ್ಚರಿಸುವಷ್ಟು ಜೋರಾಗಿರಲಿಲ್ಲ. ಕಾಸ್ಟಿಕ್‌ರಿಂದ ದೊರೆತ ಬಗೆಯನ್ನು ಹಿಡಿದು ಆಕೆ ಜೋರು ಸದ್ದಿನ ಎಚ್ಚರಿಕೆಯನ್ನು ಕಟ್ಟಿಕೊಂಡಳು. ಮುಂದೆ ಅದೇ ದಾರಿಯಲ್ಲಿ ಇನ್ಸುಲಿನ್ ಪಂಪನ್ನು ತಾನಾಗಿ ನಡೆಸುವ ವ್ಯವಸ್ಥೆಯನ್ನೇ ರೂಪಿಸಿ 2015ರಲ್ಲಿ ಎಲ್ಲರಿಗೂ ತೆರೆದಿಟ್ಟಳು. ಅನಂತರ ದೂರದಿಂದ ನೋಡುವ ಸೌಲಭ್ಯವನ್ನು ಕಂಪನಿಗಳೂ ಕೊಡತೊಡಗಿದವು.

ಅವರು ಹೋರಾಡಿ ಪಡೆದದ್ದನ್ನು ನಾವು ನಮ್ಮ ಅಜಾಗರೂಕತೆಯಿಂದ ಕಳೆದುಕೊಂಡೆವು. ಸೆನ್ಸರು ಮಾರಿದ ಅಂಗಡಿಯ ಹುಡುಗ ಬಲು ಚುರುಕು. "ಎಲ್ಲಾ ನಾನ ಮಾಡಿಕೊಡತೀನ್ರಿ ಅಜ್ಜಾರ" ಎಂದು ನಮ್ಮ ಫೋನನ್ನು ತೆಗೆದುಕೊಂಡು, ತನ್ನದೇ ಇ-ಮೇಲ್ ವಿಳಾಸ ಹಾಕಿ ಖಾತೆ ತೆರೆದುಕೊಟ್ಟ. ಆರು ತಿಂಗಳಿಗೆ ಫೋನು ನೀರಿಗೆ ಬಿದ್ದು ಹಾಳಾಯಿತು. ಹೊಸ ಫೋನಿನಲ್ಲಿ ಹಳೆಯ ಲೆಕ್ಕ ಬೇಕೆಂದರೆ ಗುಪ್ತಪದ ಬೇಕು. ಅದನ್ನು ಬದಲಿಸುವ ಪತ್ರ ಹೋಗುವುದು ಆ ಹುಡುಗನ ವಿಳಾಸಕ್ಕೆ. ಹುಡುಗ ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿದ್ದ. ಆರು ತಿಂಗಳ ನಮ್ಮ ರಕ್ತದ ಲೆಕ್ಕ ನಮಗೇ ಬೀಗ ಹಾಕಿಕೊಂಡು ಕುಳಿತಿತು. ಡಾಕ್ಟರ ಬಳಿ ಉಳಿದಿದ್ದ ಎರಡು ಮುದ್ರಿತ ಹಾಳೆಗಳೇ ನಮಗೆ ಗತಿಯಾದವು.

ಆದ್ದರಿಂದ ಮೊದಲ ಕೆಲಸವೆಂದರೆ ಖಾತೆ ನಿಮ್ಮ ಹೆಸರಿನಲ್ಲಿ, ನಿಮ್ಮ ಸ್ವಂತ ವಿಳಾಸದಲ್ಲಿ ಇರಲಿ. ಮನೆಯ ಮಕ್ಕಳಿಂದ ಮಾಡಿಸಿದರೂ ಎದುರಿಗೆ ಕುಳಿತು ಮಾಡಿಸಿರಿ. ಗುಪ್ತಪದವನ್ನು ಕಾಗದದಲ್ಲಿ ಬರೆದು, ಮನೆಯ ಕಾಗದಪತ್ರಗಳಿರುವ ಕಪಾಟಿನಲ್ಲಿಡಿರಿ. ಮೂರು ತಿಂಗಳಿಗೊಮ್ಮೆ ವರದಿಯನ್ನು ಮುದ್ರಿಸಿಕೊಳ್ಳಿರಿ; ಬಹುತೇಕ ಆ್ಯಪ್‌ಗಳ ಜಾಲತಾಣದಲ್ಲಿ ಎಲ್ಲ ಸಂಖ್ಯೆಗಳನ್ನೂ ಕೋಷ್ಟಕದ ಕಡತವಾಗಿ ಇಳಿಸಿಕೊಳ್ಳುವ ಗುಂಡಿಯೂ ಇರುತ್ತದೆ. ಬರಿಯ ಬೆರಳಿನ ಯಂತ್ರವಿರುವವರು ಅದರ ಗಡಿಯಾರವನ್ನು ನೋಡಿಕೊಳ್ಳಬೇಕು. ಸೆಲ್ ಬದಲಿಸಿದಾಗ ತಾರೀಖು ತಪ್ಪಿದರೆ, ರಾತ್ರಿಯ 62 ಮಧ್ಯಾಹ್ನದ್ದಾಗಿ ಕಾಣುತ್ತದೆ. ಹೊತ್ತು ತಪ್ಪಿದ ಸಂಖ್ಯೆ ಡಾಕ್ಟರಿಗೆ ಏನನ್ನೂ ಹೇಳದು.

ಕಾಯಿದೆ ಏನು ಹೇಳುತ್ತದೆಂದು ಕೆಲವರು ಕೇಳಿಯಾರು. ನಮ್ಮ ಸಂಸತ್ತು 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯಿದೆಯನ್ನು ಮಾಡಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಗಡುವನ್ನು ಅವು ಕೊಟ್ಟಿವೆ. ನಮ್ಮ ಮಾಹಿತಿ ಏನೇನಿದೆಯೆಂದು ಕೇಳಿ ತಿಳಿಯುವ, ತಪ್ಪಿದ್ದರೆ ತಿದ್ದಿಸುವ, ಅಳಿಸಿಸುವ, ಕೊಟ್ಟ ಸಮ್ಮತಿಯನ್ನು ಹಿಂತೆಗೆದುಕೊಳ್ಳುವ ಹಕ್ಕುಗಳು ಅದರಲ್ಲಿವೆ. ನಾವು ತೀರಿಕೊಂಡರೆ ಅಥವಾ ಅಶಕ್ತರಾದರೆ ನಮ್ಮ ಪರವಾಗಿ ಈ ಹಕ್ಕುಗಳನ್ನು ಚಲಾಯಿಸಲು ಒಬ್ಬರನ್ನು ನೇಮಿಸುವ ಅವಕಾಶವೂ ಉಂಟು. ಯುರೋಪಿನಲ್ಲಿ 2018ರಿಂದ ಇರುವ ಇನ್ನೊಂದು ಹಕ್ಕು, ನಮ್ಮ ಮಾಹಿತಿಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಯಂತ್ರ ಓದುವ ರೂಪದಲ್ಲಿ ಒಯ್ಯುವ ಹಕ್ಕು, ನಮ್ಮ ಕಾಯಿದೆಯಲ್ಲಿ ಸೇರಿಲ್ಲ. ಅದು ಸೇರಬೇಕಿತ್ತೆಂದು ನಮ್ಮ ಅಭಿಪ್ರಾಯ. ಯಂತ್ರ ಬದಲಿಸುವ ರೋಗಿ ತನ್ನ ಹಳೆಯ ವಹಿಯನ್ನು ಹಳೆಯ ಅಂಗಡಿಯಲ್ಲಿ ಬಿಟ್ಟುಬರುವಂತಾಗಬಾರದು.

ಆದರೆ ಕಾಯಿದೆಯ ಕೈ ಮನೆಯ ಹೊಸ್ತಿಲಿನ ಹೊರಗೇ ನಿಲ್ಲುತ್ತದೆ. ವ್ಯಕ್ತಿಯೊಬ್ಬನು ತನ್ನ ಸ್ವಂತದ ಅಥವಾ ಮನೆಯ ಕಾರಣಕ್ಕೆ ಬಳಸುವ ಮಾಹಿತಿಗೆ ಅದು ಅನ್ವಯಿಸುವುದಿಲ್ಲ. ನಮಗೆ ಕಾಣುವಂತೆ ನಿಜವಾದ ತೊಡಕುಗಳು ಇರುವುದು ಹೊಸ್ತಿಲಿನ ಒಳಗೆ.

ನಮ್ಮ ಮಗ ಬೆಂಗಳೂರಿನಲ್ಲಿದ್ದಾನೆ. ಬಿದ್ದ ಪ್ರಸಂಗದ ಬಳಿಕ ನಮ್ಮ ಸಂಖ್ಯೆಗಳು ಅವನ ಫೋನಿನಲ್ಲಿಯೂ ಕಾಣುವಂತೆ ಮಾಡಿಕೊಂಡ. ನಮಗೂ ಧೈರ್ಯವೆನಿಸಿತು. ವಾರ ಕಳೆಯುವುದರಲ್ಲಿ ಸಂಜೆ ಐದಕ್ಕೆ ಫೋನು ಬರತೊಡಗಿತು. "ಅಪ್ಪಾ, ಈಗ ಏನ ತಿಂದ್ರಿ? ಇನ್ನೂರಾ ಹತ್ತ ತೋರಸಾಕತ್ತೇತಿ." ಒಮ್ಮೆ ಸಭೆಯೊಂದರಲ್ಲಿ ನಾವು ಮಾತಾಡುತ್ತಿದ್ದಾಗಲೇ ಕಿಸೆಯಲ್ಲಿ ಫೋನು ಮೂರು ಸಲ ಗುಣುಗುಟ್ಟಿತು. ಅರವತ್ತು ದಾಟಿದ ತಂದೆ ತಟ್ಟೆಯಲ್ಲಿದ್ದುದಕ್ಕೆ ಮಗನಿಗೆ ಸಮಜಾಯಿಷಿ ಹೇಳುವುದು ಎಂಥ ಸ್ಥಿತಿ! ನಾವು ಸೆನ್ಸರನ್ನೇ ಕಿತ್ತು ಹಾಕುವ ಯೋಚನೆಗೆ ಬಂದಿದ್ದೆವು. ಅಂದರೆ ಮತ್ತೆ ಸುಳ್ಳು ವಹಿಯ ಕಡೆಗೇ ಹೊರಟಿದ್ದೆವು. ನಮ್ಮ ಮನೆಯವರು ಅವನಿಗೆ ತಾವೇ ಫೋನು ಮಾಡಿ, "ಇಳದಾಗ ಅಷ್ಟ ಫೋನ ಮಾಡಪಾ. ಏರಿದ್ದು ನಾ ನೋಡಕೋತೀನಿ" ಎಂದು ತೀರ್ಮಾನ ಕೊಟ್ಟರು. ಅವನು ತನ್ನ ಫೋನಿನಲ್ಲಿ ಏರಿಕೆಯ ಎಚ್ಚರಿಕೆಯನ್ನು ನಿಲ್ಲಿಸಿ, 70ಕ್ಕಿಂತ ಇಳಿದಾಗಿನದನ್ನು ಉಳಿಸಿಕೊಂಡ. ತೆರೆದು ನೋಡಿದರೆ ಎಲ್ಲವೂ ಅವನಿಗೆ ಕಾಣುತ್ತದೆಂದು ನಮಗೆ ಗೊತ್ತು. ನೋಡುತ್ತಾನೋ ಇಲ್ಲವೋ, ಕೇಳುವುದಿಲ್ಲ. ಅಷ್ಟು ಸಾಕು.

ಇದಕ್ಕಿಂತ ಗಂಭೀರವಾದದ್ದು ನಮ್ಮ ತಂಗಿಯ ಮೊಮ್ಮಗಳ ಪ್ರಸಂಗ. ಹನ್ನೊಂದನೆಯ ವಯಸ್ಸಿನಲ್ಲಿ ಆಕೆಗೆ ಮೊದಲ ವಿಧದ ಮಧುಮೇಹ ಬಂದಿತು. ಈಗ ಇಪ್ಪತ್ತೆರಡು. ಇಂಜಿನಿಯರಿಂಗ್ ಮುಗಿಸಿ ಕೆಲಸದಲ್ಲಿದ್ದಾಳೆ. ಸೆನ್ಸರು, ಪಂಪು, ಎಲ್ಲವನ್ನೂ ತಾನೇ ನಿಭಾಯಿಸುತ್ತಾಳೆ, ಎ.ಜಿ.ಪಿ. ಓದುವುದನ್ನು ನಮಗೆ ಕಲಿಸಿದವಳೂ ಆಕೆಯೇ. ಹೋದ ವರ್ಷ ಜ್ವರ ಬಂದು ಒಂದು ರಾತ್ರಿ ಆಕೆಯ ಸಕ್ಕರೆ 300 ದಾಟಿದಾಗ, ಅವಳ ಸಂಖ್ಯೆ ಕಾಣುತ್ತಿದ್ದ ಸೋದರಮಾವ ಆ ಗೆರೆಯ ಚಿತ್ರವನ್ನು ಬಂಧುಬಳಗದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, ಎಲ್ಲರೂ ಆಕೆಗಾಗಿ ಪ್ರಾರ್ಥಿಸಿರೆಂದು ಬರೆದ. ಮನಸ್ಸು ಒಳ್ಳೆಯದೇ. ಆ ಗುಂಪಿನಲ್ಲಿ ನೂರಾ ನಲವತ್ತು ಮಂದಿ. ಮೂರು ದಿನಕ್ಕೆ ಆ ಚಿತ್ರ, ಸಂಬಂಧದ ಮಾತುಕತೆ ನಡೆದಿದ್ದ ಮನೆಗೆ ತಲುಪಿತು. ಅವರು ಜಾತಕ ಹೊಂದಲಿಲ್ಲವೆಂದು ಹೇಳಿಕಳಿಸಿದರು.

ಮನೆಯ ಹಿರಿಯರು ಸೇರಿ ಸೋದರಮಾವನನ್ನು ಬೈದರು. ವಿಷಯ ಹೊರಬಿದ್ದಿತಲ್ಲ ಎಂಬುದು ಅವರ ದುಃಖ. ಆ ಹುಡುಗಿ ಅತ್ತದ್ದು ಅದಕ್ಕಲ್ಲ. "ಅಜ್ಜಾ, ಮುಚ್ಚಿ ಇಡ್ರಿ ಅಂತ ನಾ ಎಂದರ ಹೇಳೇನೇನು? ಆ ಹುಡುಗಗ ಮುಂದಿನ ಐತವಾರ ನಾನ ಹೇಳಾಂವಿದ್ದೆ. ಹತ್ತು ವರ್ಷದ ಲೆಕ್ಕ ತೋರಿಸಿ, ಹಿಂಗ ಸಂಬಾಳಿಸೇನಿ ಅಂತ ಹೇಳತಿದ್ದೆ. ಅವರು ಕಂಡದ್ದು ಒಂದು ಜ್ವರದ ರಾತ್ರಿ" ಎಂದಳು.

ವಧುವಿನದಾಗಲಿ ವರನದಾಗಲಿ ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡುವುದನ್ನು ನಾವು ಒಪ್ಪುವವರಲ್ಲ. ಹಾಗೆ ಮಾಡಿ ಕೆಟ್ಟ ಸಂಸಾರಗಳನ್ನು ಕಣ್ಣಾರೆ ಕಂಡಿದ್ದೇವೆ. ಆದರೆ ಹೇಳುವ ಬಾಯಿ ಆಕೆಯದು, ಹೇಳುವ ದಿನವನ್ನು ಆರಿಸುವುದೂ ಆಕೆಯದು. ಹಿರಿಯರೆಂದು ಅಂದು ಆ ಸಭೆಯಲ್ಲಿ ಕುಳಿತಿದ್ದ ನಾವು ಈ ಮಾತನ್ನು ಆಗಲೇ ಆಡಬೇಕಿತ್ತು, ಆಡಲಿಲ್ಲ. ಮರುವಾರ ಸೋದರಮಾವನೇ ಅವಳ ಮನೆಗೆ ಹೋಗಿ, ತನ್ನ ಫೋನನ್ನು ಅವಳ ಮುಂದಿಟ್ಟ. ಅವಳು ಅವನ ಹೆಸರನ್ನು ತೆಗೆದುಹಾಕಿದಳು. ಒಂದು ತಿಂಗಳು ಬಿಟ್ಟು, ತಾಯಿ ಮತ್ತು ಇನ್ನೊಬ್ಬ ಗೆಳತಿಯ ಜೊತೆಗೆ ಅವನ ಹೆಸರನ್ನು ತಾನಾಗಿಯೇ ಮರಳಿ ಸೇರಿಸಿದಳಂತೆ. ರಾತ್ರಿ ಇಳಿದರೆ ಎಲ್ಲರಿಗಿಂತ ಬೇಗ ಎದ್ದು ಓಡಿಬರುವವನು ಅವನೇ ಎಂದು ನಮ್ಮೊಡನೆ ಹೇಳಿ ನಕ್ಕಳು.

ಕಳೆದ ತಿಂಗಳು ನಮ್ಮ ಹೊಸ ವರದಿ ಬಂದಿತು. ಅದನ್ನು ಹಳೆಯ ನೋಟುಬುಕ್ಕಿನ ಮುಂದಿನ ಖಾಲಿ ಪುಟಕ್ಕೆ ಅಂಟಿಸಿದ್ದೇವೆ. ತಿದ್ದಿದ ಸಂಖ್ಯೆಗಳಿರುವ ಪುಟಗಳನ್ನು ಹರಿಯಲಿಲ್ಲ. ನಕ್ಷೆಯಲ್ಲಿ ಗೆರೆ ಏರಿದ ಕಡೆಗಳಲ್ಲಿ ನಮ್ಮ ಮನೆಯವರು ತಮ್ಮ ಸಣ್ಣ ಅಕ್ಷರಗಳಲ್ಲಿ ಅಂದಿನ ಊಟವನ್ನು ಬರೆಯುತ್ತಾರೆ. ಬುಧವಾರ ಎರಡು ರೊಟ್ಟಿ, ಹೆಸರುಕಾಳ ಪಲ್ಲೆ. ಗುರುವಾರ ಅನ್ನ, ಸಾರು. ಶನಿವಾರ ಸಂಜೆ 244ಕ್ಕೆ ಏರಿದ ಶಿಖರದ ಮೇಲೆ ಏನು ಬರೆಯಲೆಂದು ಕೇಳಿದಾಗ ನಾವು ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಅವರು ಪೆನ್ನು ಹಿಡಿದು ಕಾಯುತ್ತಿದ್ದರು. "ಹೋಳಿಗೆ," ಎಂದೆವು, "ಎರಡು."